ಬೆಳಕಿಂಡಿಯಿಂದ ಇಳಿದವನು

ಇಂದು ಬೆಳಿಗ್ಗೆ, ನಮ್ಮ ಹೊಲವನ್ನು ಪಾಲಿಗೆ ಮಾಡುವ ಯಮನಪ್ಪ ಒಂದು ಗೊಬ್ಬರದ ಚೀಲವನ್ನು ಹೊತ್ತು ತಂದು ಅಂಗಳದಲ್ಲಿ ಇಳಿಸಿದ. ನಗಬೇಕೋ ಬೇಡವೋ ತಿಳಿಯದವನಂತೆ ಒಂದು ಗಳಿಗೆ ನಿಂತು, "ಸರ, ನಿಮ್ಮ ಹೆಸರು ಹೊಲದಾಗ ಸಿಕ್ಕೈತ್ರಿ" ಎಂದ.

ಚೀಲದಲ್ಲಿದ್ದದ್ದು ತುಕ್ಕು ಹಿಡಿದ ತಗಡಿನ ತುಂಡು. ಬೇವಿನ ಗಿಡದ ಬುಡಕ್ಕೆ ತೀರ ಹತ್ತಿರ ಟ್ರ್ಯಾಕ್ಟರ್ ಹೊಡೆಯಬಾರದೆಂದು ಪ್ರತಿ ವರ್ಷವೂ ಅವನಿಗೆ ಹೇಳುತ್ತೇನೆ; ಪ್ರತಿ ವರ್ಷವೂ ಅವನು ತಲೆಯಾಡಿಸಿ ತನಗೆ ತೋಚಿದಂತೆ ಮಾಡುತ್ತಾನೆ. ಈ ಸಲ ನೇಗಿಲು ಈ ತಗಡನ್ನು ಮೇಲಕ್ಕೆಳೆದಿತ್ತು. ಅದರ ಮೇಲೆ ಬಿಳಿಯ ಬಣ್ಣದಲ್ಲಿ ಬರೆದ ಎರಡು ಅಕ್ಷರಗಳು ಇನ್ನೂ ಓದುವಂತಿವೆ. ಅವು ನನ್ನ ಹೆಸರಿನ ಮೊದಲ ಎರಡು ಅಕ್ಷರಗಳು. ತಗಡಿಗೆ ಕಪ್ಪು ಎರೆಮಣ್ಣಿನದೊಂದು ಹೆಂಟೆ ಕಲ್ಲಿನಂತೆ ಕಚ್ಚಿಕೊಂಡಿತ್ತು. ಯಮನಪ್ಪ ಅದನ್ನು ಬಾಗಿಲ ಮುಂದಿನ ಕಲ್ಲಿಗೆ ಕುಟ್ಟಲು ಹೋದ, ನಾನು ತಡೆದೆ. ಎರೆಮಣ್ಣನ್ನು ಒಡೆಯಬಾರದು, ನೆನೆಸಬೇಕು. ಹಾಗಾಗಿ ಅದು ಈಗ ಬಕೆಟ್ಟಿನ ನೀರಿನಲ್ಲಿದೆ. ಅದು ಕರಗುವವರೆಗೆ ನನಗೆ ಬೇರೆ ಕೆಲಸವಿಲ್ಲ; ನಿಮಗೂ ಅವಸರವಿಲ್ಲದಿದ್ದರೆ ಕುಳಿತುಕೊಳ್ಳಿ.

ಹೆಂಟೆ ನೀರು ಕುಡಿಯುತ್ತಿದ್ದಂತೆ ಪಡಸಾಲೆಯ ತುಂಬ ಒಂದು ವಾಸನೆ ಹರಡುತ್ತಿದೆ. ಮೊದಲ ಮಳೆಯ ವಾಸನೆಯಲ್ಲ ಇದು. ಅದರಲ್ಲಿ ಬಿಸಿಲು ಬೆರೆತಿರುತ್ತದೆ. ಇದು ಬಿಸಿಲನ್ನೇ ಕಾಣದ ಮಣ್ಣಿನ ತಣ್ಣನೆಯ ವಾಸನೆ. ಈ ವಾಸನೆಯನ್ನು ನನ್ನ ಮೈಯಲ್ಲಿ ಮೊದಲು ಗುರುತಿಸಿದವಳು ನಮ್ಮೂರಿನವಳಲ್ಲ. ಯಲಬುರ್ಗಾದ ಹೆಸರನ್ನೇ ಕೇಳದ, ಜೀವಮಾನದಲ್ಲಿ ಎರೆಮಣ್ಣನ್ನು ಕಣ್ಣಾರೆ ಕಾಣದ, ಭೂತಾನದ ಒಬ್ಬ ಮುದುಕಿ.

ನಾನು ಭೂತಾನಕ್ಕೆ ಹೋದದ್ದು ಸಿಟ್ಟಿನಿಂದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಗಂಗಾವತಿಯ ಒಂದು ಪ್ರೌಢಶಾಲೆಗೆ ಸಂದರ್ಶನಕ್ಕೆ ಹೋಗಿದ್ದೆ. ಆಡಳಿತ ಮಂಡಳಿಯ ಅಧ್ಯಕ್ಷರು ನನ್ನನ್ನು ಜಗುಲಿಯ ಮೇಲೆ ಮಧ್ಯಾಹ್ನದವರೆಗೆ ಕೂಡಿಸಿ, ಒಳಗೆ ತಾವು ಚಹಾ ಕುಡಿದು, ಹೊರಬಂದು, "ಅಯ್ಯ, ನೀವಿನ್ನೂ ಅದೀರೇನು? ಆ ಜಾಗಾ ನಮ್ಮ ತಂಗೀ ಮಗಗ ಆತಲ್ಲ" ಎಂದರು. ಅವರು ಕುಡಿದ ಕಪ್ಪಿನ ಅಂಚಿನಲ್ಲಿ ಹಸಿರು ಗೆರೆಯಿತ್ತು. ಇಂಥದ್ದು ನನಗೆ ಮರೆಯುವುದಿಲ್ಲ. ಮರೆಯಬೇಕೆಂದು ನಾನು ಪ್ರಯತ್ನಪಟ್ಟವನೂ ಅಲ್ಲ. ಅದೇ ವಾರ ಪತ್ರಿಕೆಯಲ್ಲಿ, ಭೂತಾನದ ಶಾಲೆಗಳಿಗೆ ಭಾರತದ ಶಿಕ್ಷಕರು ಬೇಕಾಗಿದ್ದಾರೆಂಬ ಪ್ರಕಟಣೆ ನೋಡಿ ಅರ್ಜಿ ಹಾಕಿದೆ. ಜಿಲ್ಲೆಯನ್ನಷ್ಟೇ ಅಲ್ಲ, ದೇಶವನ್ನೇ ಬಿಟ್ಟು ಹೋದೆನೆಂದು ಅಧ್ಯಕ್ಷರಿಗೆ ಯಾರಾದರೂ ತಿಳಿಸಲಿ ಎಂಬ ಆಸೆಯಿತ್ತು. ಯಾರೂ ತಿಳಿಸಲಿಲ್ಲ. ಭೂತಾನದ ಹೆಸರು ಕೇಳಿ ನಮ್ಮೂರಿನವರು ಮಾಡಿದ ಹಾಸ್ಯವನ್ನು ಇಲ್ಲಿ ಹೇಳಲಾರೆ, ನೀವೇ ಊಹಿಸಿಕೊಳ್ಳಬಹುದು.

ಅಸ್ಸಾಮಿನ ಬಯಲು ಮುಗಿದು ಬೆಟ್ಟ ಏರತೊಡಗಿದ ಮೇಲೆ, ದಾರಿ ಮತ್ತೆ ಇಳಿಯಲೇ ಇಲ್ಲ. ನಮ್ಮ ಕಡೆ ಆಕಾಶ ದೂರದಲ್ಲಿರುತ್ತದೆ. ಅಲ್ಲಿ ಅದು ಕಿಟಕಿಯಿಂದ ಒಳಗೆ ಬರುತ್ತಿತ್ತು. ಮೊದಲ ತಾಸಿನಲ್ಲಿ ಮಂಜು ತರಗತಿಯೊಳಗೆ ನುಗ್ಗಿ ಹಿಂದಿನ ಬೆಂಚುಗಳನ್ನು ನುಂಗಿಬಿಡುತ್ತಿತ್ತು. ನಾನು ಹಾಜರಿ ಕರೆದರೆ ಮುಖಗಳಿಲ್ಲದ ಧ್ವನಿಗಳು ಓಗೊಡುತ್ತಿದ್ದವು. ಒಮ್ಮೆ ಹೀಗೆ ಓಗೊಟ್ಟ ಹುಡುಗಿಯೊಬ್ಬಳಿಗೆ ಹಾಜರಿ ಹಾಕಿದೆ. ಮಂಜು ಸರಿದಾಗ ಅವಳ ಜಾಗ ಖಾಲಿಯಿತ್ತು. ಆ ಹುಡುಗಿ ಹಿಂದಿನ ದಿನವೇ ಜ್ವರದಿಂದ ಊರಿಗೆ ಹೋಗಿದ್ದಳು. ಓಗೊಟ್ಟವರು ಯಾರೆಂದು ಕೇಳಿದೆ. ಮಕ್ಕಳು ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮುಖ್ಯೋಪಾಧ್ಯಾಯರು ಎಲ್ಲರೆದುರು, "ಮಾಸ್ಟರ್, ಕಿವಿಯಿಂದಲ್ಲ, ಕಣ್ಣಿನಿಂದ ಹಾಜರಿ ತೆಗೆದುಕೊಳ್ಳಿ" ಎಂದರು. ಆ ಮಾತನ್ನೂ ನಾನು ಮರೆತಿಲ್ಲ.

ಇಷ್ಟು ದೂರಿದ ಮೇಲೆ, ಅಲ್ಲಿಯ ಜನ ಒಳ್ಳೆಯವರೆಂಬುದನ್ನೂ ಹೇಳಬೇಕು. ನಾನು ಬಾಡಿಗೆಗಿದ್ದ ಮನೆಯ ಕೆಳಗೆ ದನ, ಮಧ್ಯೆ ಮನುಷ್ಯರು, ಮೇಲೆ ಒಣಹಾಕಿದ ಮೆಣಸಿನಕಾಯಿ. ಮರದ ದಿಮ್ಮಿಗೆ ಮೆಟ್ಟಿಲು ಕೊರೆದ ಏಣಿಯನ್ನು ಹತ್ತಿ ಒಳಗೆ ಹೋಗಬೇಕು. ನಮ್ಮ ಸೀಮೆಯವನಿಗೆ ಖಾರ ಹೊಸದೇ ಎಂದು ಮೊದಲ ದಿನ ಜಂಬದಿಂದ ಅವರ ಮೆಣಸಿನಕಾಯಿಯ ಪಲ್ಯಕ್ಕೆ ಕೈಹಾಕಿ, ಕಣ್ಣೀರು ಸುರಿಸುತ್ತ ಏಣಿಯ ಬುಡದಲ್ಲಿ ಕುಳಿತಿದ್ದೆ. ಕೆಳಗಿನ ಎಮ್ಮೆಯಂಥ ಪ್ರಾಣಿಯೂ ನನ್ನನ್ನು ಕನಿಕರದಿಂದ ನೋಡಿತು. ಬೆಣ್ಣೆ ಮತ್ತು ಉಪ್ಪು ಹಾಕಿದ ಚಹಾವನ್ನು ಮಾತ್ರ ಕೊನೆಯವರೆಗೂ ಕ್ಷಮಿಸಲಿಲ್ಲ.

ಆ ಮನೆಯ ಯಜಮಾನಿ ಒಬ್ಬ ಅಜ್ಜಿ. ಅವರ ಭಾಷೆಯಲ್ಲಿ ಅಜ್ಜಿಗೆ 'ಅಬಿ' ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತಿದ್ದೆ. ಪ್ರಾಯದಲ್ಲಿ ಚಳಿಗಾಲಕ್ಕೆಲ್ಲ ಅಸ್ಸಾಮಿಗೆ ಇಳಿದು ಕಿತ್ತಳೆ ಮಾರುತ್ತಿದ್ದಳಾದ್ದರಿಂದ ಹರಕುಮುರುಕು ಹಿಂದಿ ಬರುತ್ತಿತ್ತು. ನನ್ನದೂ ಅದೇ ಮಟ್ಟದ್ದು. ಅಬಿಯ ಬಗ್ಗೆ ಊರವರು ಒಂದು ಸಂಗತಿಯನ್ನು, ಅವಳಿಗೆ ದನವಿದೆ ಹೊಲವಿದೆ ಎನ್ನುವಷ್ಟೇ ಸಹಜವಾಗಿ ಹೇಳುತ್ತಿದ್ದರು: ಅವಳು ಒಮ್ಮೆ ಸತ್ತು ಬಂದವಳು. ಪ್ರಾಯದಲ್ಲಿ ಕಾಯಿಲೆಯಾಗಿ, ಮೈ ತಣ್ಣಗಾಗಿ, ಬೂದಿ ಮಾಡಲು ಸೌದೆ ಜೋಡಿಸುತ್ತಿದ್ದಾಗ ಎದ್ದು ಕುಳಿತು ನೀರು ಕೇಳಿದ್ದಳಂತೆ. ಅಂದಿನಿಂದ, ಸಾವು ಕಂಡ ಮನೆಯವರು ಅವಳ ಬಳಿಗೆ ಬಂದು ತಮ್ಮವರು ಅಲ್ಲಿ ಸುಖವಾಗಿದ್ದಾರೆಯೇ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಅವಳಿಗೆ ಒಲೆಯ ಪಕ್ಕದ ಬೆಚ್ಚನೆಯ ಜಾಗ. ನಾನು ವಿಜ್ಞಾನದ ಶಿಕ್ಷಕ, ನಂಬಲಿಲ್ಲ.

ಎರಡನೆಯ ವರ್ಷದ ಚಳಿಗಾಲದ ರಜೆಗೆ ಊರಿಗೆ ಹೋಗುವುದೆಂದು ನಿಶ್ಚಯಿಸಿದೆ. ಅಲ್ಲಿ ರಸ್ತೆ ಮಾಡುವ ನಮ್ಮ ಸೇನೆಯ ತುಕಡಿಯಲ್ಲಿ ಕುಷ್ಟಗಿ ಕಡೆಯ ಒಬ್ಬ ಸಿಪಾಯಿ ಇದ್ದ. ಮಂಜಿನ ಸಂತೆಯಲ್ಲಿ ಅವನು "ಏ, ಜರಾ ಸರೀರೀಪಾ" ಎಂದದ್ದು ಕೇಳಿ ನಾನು ಅವನನ್ನು ಅಪ್ಪಿಕೊಂಡುಬಿಟ್ಟಿದ್ದೆ. ನನಗಿಂತ ಮೊದಲು ಅವನಿಗೆ ರಜೆ ಸಿಕ್ಕಿತು. ನನ್ನ ಕಪ್ಪು ಟ್ರಂಕನ್ನು ಮುಂದಾಗಿ ಕಳಿಸಿದರೆ ನಾನು ಹಗುರಾಗಿ ಬರಬಹುದೆಂದು ಅವನ ಕೈಗೆ ಕೊಟ್ಟೆ. "ಫಿಕರ್ ಮಾಡಬ್ಯಾಡ್ರಿ ಮಾಸ್ತರ, ಕೊಪ್ಪಳದಾಗ ನಿಮ್ಮೂರ ಬಸ್ಸಿನ ಮ್ಯಾಲ ಹಾಕಿ ಕಂಡಕ್ಟರಗ ಹೇಳ್ತೀನಿ" ಎಂದ. ಮಾತಿನಂತೆ ನಡೆದುಕೊಂಡ. ಅವನ ಮೇಲೆ ನನ್ನ ದೂರಿಲ್ಲ. ಅವನು ಹೋದ ಬೆನ್ನಿಗೆ ಬೆಟ್ಟ ಕುಸಿದು ರಸ್ತೆ ಮುಚ್ಚಿತು. ಮನೆಗೆ ಹೋಗಲಾರದೆ ಉಳಿದ ಮಕ್ಕಳನ್ನು ನೋಡಿಕೊಳ್ಳಲು ಮುಖ್ಯೋಪಾಧ್ಯಾಯರು ನನ್ನನ್ನೇ ಆರಿಸಿದರು. ದಾರಿ ತೆರೆದ ಕೂಡಲೇ ಊರಿಗೆ, ಈ ಸಲ ಬರಲಾಗುವುದಿಲ್ಲವೆಂದು ಬರೆದೆ.

ಅದೇ ದಿನಗಳಲ್ಲಿ ಒಂದು ಸಂಜೆ ಅಬಿ ಒಲೆಯ ಬಳಿ ಕುಳಿತು ನನ್ನನ್ನು ಬಹಳ ಹೊತ್ತು ದಿಟ್ಟಿಸಿದಳು. ಹತ್ತಿರ ಕರೆದು, ನನ್ನ ಹೆಗಲನ್ನು ಮೂಸಿ ನೋಡಿದಳು. "ಮಾಸ್ಟರ್, ನಿನ್ನ ಮೈಯಲ್ಲಿ ಮಣ್ಣಿನ ವಾಸನೆ ಇದೆ" ಎಂದಳು.

ನನಗೆ ಅವಮಾನವಾಯಿತು. ಊರಿಗೆ ಊರೇ ವಾರಕ್ಕೊಮ್ಮೆ ಸ್ನಾನ ಮಾಡುವಾಗ, ಹಿಮದಂಥ ನೀರನ್ನು ದಿನವೂ ಮೈಮೇಲೆ ಸುರಿದುಕೊಳ್ಳುತ್ತಿದ್ದವನು ನಾನೊಬ್ಬನೇ. ಹಾಗೆಂದು ಹೇಳಿದೆ.

"ತೊಳೆದರೆ ಹೋಗುವ ಮಣ್ಣಲ್ಲ" ಎಂದಳು ಅಬಿ. "ನಮ್ಮ ಕಡೆಯದೂ ಅಲ್ಲ. ಕಪ್ಪು ಮಣ್ಣು. ಯಾರು ನಿನ್ನ ಮೇಲೆ ಮಣ್ಣು ಹಾಕಿದರು?"

ನಾನು ಸಿಟ್ಟಿನಿಂದ ಎದ್ದುಹೋದೆ. ಅವಳು ಆ ಮೇಲೆ ನನ್ನ ಕೋಣೆಯ ಮುಂದೆ ಒಂದು ಬಟ್ಟಲಲ್ಲಿ ಧೂಪದ ಸೊಪ್ಪನ್ನು ಸುಟ್ಟಿಟ್ಟು ಹೋಗುತ್ತಿದ್ದಳು. ಆ ಹೊಗೆಗೆ ಕೆಮ್ಮುತ್ತ, ಒಬ್ಬ ಪದವೀಧರನಿಗೆ ಮೈ ನಾರುತ್ತದೆಂದು ಇಷ್ಟು ವಿಧವಾಗಿ ಹೇಳಬೇಕೇ ಎಂದು ಕುದಿಯುತ್ತಿದ್ದೆ. ಆದರೆ ಒಂದು ಮಾತು: ಆ ಚಳಿಗಾಲದಲ್ಲಿ ನನಗೆ ಎದೆಯ ಮೇಲೆ ಏನೋ ಭಾರವಿಟ್ಟಂತೆ ಆಗುತ್ತಿತ್ತು. ಎತ್ತರದ ಊರು, ಗಾಳಿ ತೆಳು, ಅದಕ್ಕೇ ಹೀಗೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಊರಿನಿಂದ ಉತ್ತರ ಬರಲಿಲ್ಲ. ಇನ್ನೆರಡು ಪತ್ರ ಬರೆದೆ, ಅವಕ್ಕೂ ಬರಲಿಲ್ಲ. ಉತ್ತರ ಕೊಡದವರಿಗೆ ಬೆನ್ನು ಬಿದ್ದು ಬರೆಯುವ ಸ್ವಭಾವ ನನ್ನದಲ್ಲ. ನಾನೂ ನಿಲ್ಲಿಸಿದೆ. ಮರುವರ್ಷದ ರಜೆಗೆ, ಹೇಳದೆ ಕೇಳದೆ, ಎಲ್ಲರನ್ನೂ ತರಾಟೆಗೆ ತೆಗೆದುಕೊಳ್ಳಬೇಕೆಂದು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಳ್ಳುತ್ತ ಹೊರಟುಬಂದೆ.

ಕೊಪ್ಪಳದಲ್ಲಿ ಬಸ್ಸು ಹತ್ತಿದಾಗ, ನನ್ನನ್ನು ಕಾಲೇಜಿನ ದಿನಗಳಿಂದ ಬಲ್ಲ ಕಂಡಕ್ಟರು ಟಿಕೆಟ್ ಹರಿಯುತ್ತ ನನ್ನ ಬಳಿಗೆ ಬಂದು, ಟಿಕೆಟನ್ನು ನನ್ನ ಕೈಗೆ ಕೊಡದೆ ಸೀಟಿನ ಮೇಲೆ ಇಟ್ಟು, ಹಿಂದೆ ಹಿಂದೆ ಸರಿದ. ನಮ್ಮೂರಿನ ನಿಲ್ದಾಣದಲ್ಲಿ ಇಳಿದೆ. ಮಧ್ಯಾಹ್ನ. ಚಹಾದಂಗಡಿಯ ಮುಂದೆ ಕುಳಿತವರು ನನ್ನ ಮುಖ ನೋಡಲಿಲ್ಲ. ಎಲ್ಲರೂ ಒಟ್ಟಿಗೆ ನನ್ನ ಪಾದಗಳನ್ನು ನೋಡಿದರು. ಪಾದ ಹಿಂದುಮುಂದಾಗಿದೆಯೇ ಎಂದು ಪರೀಕ್ಷಿಸುತ್ತಿದ್ದಾರೆಂದು ನನಗೆ ಆಗ ಹೊಳೆಯಲಿಲ್ಲ. ಹೊಸ ಬೂಟು ಹಾಕಿದ್ದೆ. ಬೂಟನ್ನು ನೋಡುತ್ತಿದ್ದಾರೆಂದು ತಿಳಿದು, ನಿಜ ಹೇಳುತ್ತೇನೆ, ಸ್ವಲ್ಪ ಎದೆಯುಬ್ಬಿಸಿ ನಡೆದೆ.

ಮನೆಯ ಬಾಗಿಲು ತೆರೆದಿತ್ತು. ಅವ್ವ ಹೊಸ್ತಿಲ ಬಳಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಅಪ್ಪ ನಾನು ಚಿಕ್ಕವನಿರುವಾಗಲೇ ತೀರಿಕೊಂಡಿದ್ದ. ನನ್ನನ್ನು ಓದಿಸಿದವಳು ಅವಳು. ನನ್ನ ನೆರಳು ಮೊರದ ಮೇಲೆ ಬಿದ್ದಾಗ ತಲೆಯೆತ್ತಿದಳು. ಹೌಹಾರಲಿಲ್ಲ, ಅಳಲಿಲ್ಲ. ಬೀದಿಯ ಎರಡೂ ಕಡೆ ನೋಡಿ, ತಗ್ಗಿದ ದನಿಯಲ್ಲಿ, ತಪ್ಪು ಮಾಡಿದ ಮಗುವಿಗೆ ಹೇಳುವಂತೆ ಹೇಳಿದಳು:

"ಈಗ ಯಾಕ ಬಂದ್ಯೋ ಯಪ್ಪಾ? ಮಂದಿ ನೋಡ್ತಾರ. ಹೊತ್ತ ಮುಣುಗಿದ ಮ್ಯಾಲ ಬಾ, ದಿನಾ ಬರೂವಂಗ. ಇಟ್ಟಿರ್ತೀನಿ."

ನನ್ನ ಹೆಸರು ಹಿಡಿದು ಕರೆದಳು. ಮತ್ತೆ ಬಗ್ಗಿ ಜೋಳ ಆರಿಸತೊಡಗಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನನಗೆ ನೆನಪಾಗಲಿಲ್ಲ.

ಏನು ನಡೆದಿತ್ತೆಂದು ತಿಳಿಸಿದವನು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಹನುಮಪ್ಪನ ಗುಡಿಯ ಕಟ್ಟೆಗೆ ನನ್ನನ್ನು ಕರೆದೊಯ್ದು, ತಾನು ಸ್ವಲ್ಪ ದೂರದಲ್ಲೇ ಕುಳಿತು ಹೇಳಿದ. ನನಗಿಂತ ಕೆಲವು ವರ್ಷ ಮೊದಲು ನಮ್ಮೂರಿನ ಬಡಿಗೇರರ ಮಗನೊಬ್ಬ ಸೈನ್ಯ ಸೇರಿ, ಯುದ್ಧದಲ್ಲಿ ತೀರಿಕೊಂಡಿದ್ದ. ಹೆಣ ಬಂದಿರಲಿಲ್ಲ. ಹೆಸರು ಬರೆದ ಕಪ್ಪು ಟ್ರಂಕು ಬಸ್ಸಿನ ಮೇಲೆ ಬಂದಿತ್ತು; ಅದೇ ಸಾವಿನ ಸುದ್ದಿ. ಅಂದಿನಿಂದ ದೂರ ಹೋದವನ ಟ್ರಂಕು ಅವನಿಲ್ಲದೆ ಬಂತೆಂದರೆ ಏನರ್ಥವೆಂದು ನಮ್ಮೂರಿನಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಹಾಗಿರುವಾಗ ನನ್ನ ಟ್ರಂಕು ಬಂತು. ಕಪ್ಪು ಬಣ್ಣ, ಬಿಳಿಯ ಹೆಸರು. ಕೊಪ್ಪಳದಲ್ಲಿ ಮಿಲ್ಟ್ರಿಯವನೊಬ್ಬ ಊರಿನ ಹೆಸರಷ್ಟೇ ಹೇಳಿ ಹಾಕಿ ಹೋದನೆಂದ ಕಂಡಕ್ಟರು ಅದನ್ನು ಇಳಿಸಿದಾಗ ಟೋಪಿ ತೆಗೆದಿದ್ದನಂತೆ.

"ಒಂದು ತಂತಿ ಹೊಡೆದು ಕೇಳಬಾರದಾಗಿತ್ತೇ?" ಎಂದೆ.

"ಯಾರಿಗಿ ಹೊಡೀಬೇಕಿತ್ತು? ನಿನಗಾ?" ಎಂದ ದೊಡ್ಡಪ್ಪ.

"ಬೀಗ ಒಡೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಮೇಲೆಯೇ ಅವ್ವನಿಗೆಂದು ತಂದ ಶಾಲು ಇತ್ತು."

"ಸತ್ತಾವರ ಕೀಲಿ ಯಾರರ ಮುರೀತಾರೇನಲೇ?"

"ನನ್ನ ಪತ್ರಗಳು?"

"ಬಂದ್ವು. ಜಂತಿ ಸಂದ್ಯಾಗ ಅದಾವು. ಸಾಯೂಕಿಂತ ಮದ್ಲ ಬರದಿದ್ದು, ತಡಾ ಆಗಿ ಬಂದಾವು ಅಂದ್ಕೊಂಡ್ವಿ. ಸತ್ತಾಂವನ ಕಾಗದಾ ಮನ್ಯಾಗ ಓದಿದ್ರ ಕರದಂಗ ಆಕ್ಕೈತಿ, ಅದಕ್ಕ ಓದಲಿಲ್ಲ."

ಪತ್ರದ ತಲೆಯ ಮೇಲೆ ದಿನಾಂಕವನ್ನು ದಪ್ಪಕ್ಷರದಲ್ಲಿ ಬರೆಯುವುದು ನನ್ನ ಅಭ್ಯಾಸ. ಅದನ್ನು ಯಾರೂ ಒಡೆದೇ ನೋಡಿರಲಿಲ್ಲ.

ನಮ್ಮಲ್ಲಿ ಹೂಳುವ ಪದ್ಧತಿ. ಹೆಣವಿಲ್ಲದೆ ಏನನ್ನು ಹೂಳುವುದೆಂಬ ಚರ್ಚೆಯಾಗಿ, "ಹೆಣಾ ಇಲ್ದಿದ್ರೇನು, ಹೆಸರು ಬಂದೈತಲ್ಲ, ಹೆಸರನ್ನ ಹೂಳೂಣು" ಎಂದು ದೊಡ್ಡಪ್ಪನೇ ತೀರ್ಮಾನ ಕೊಟ್ಟಿದ್ದ. ನಮ್ಮ ಹೊಲದಲ್ಲಿ, ಬೇವಿನ ಗಿಡದ ಕೆಳಗೆ, ಭಜನೆಯೊಂದಿಗೆ ನನ್ನ ಟ್ರಂಕನ್ನು ಹೂತರು. "ಎಷ್ಟ ಛಲೋ ಮಾಡೀವಿ ಗೊತ್ತೈತೇನು? ನಿನ್ನ ತಿಥಿಗೆ ಗೋದಿ ಹುಗ್ಗಿ ಮಾಡ್ಸಿದ್ವಿ. ಮಂದಿ ಇನ್ನೂ ನೆನಸ್ತಾರ" ಎಂದ. ಅವನ ಧ್ವನಿಯಲ್ಲಿ ಹೆಮ್ಮೆಯಿತ್ತು. ನಾನು ಬಂದು ಅಷ್ಟು ಒಳ್ಳೆಯ ಕೆಲಸವನ್ನು ಕೆಡಿಸಿದೆನಲ್ಲ ಎಂಬ ಬೇಸರವೂ ಇತ್ತು. ಲೆಕ್ಕ ಹಾಕಿ ನೋಡಿದೆ. ಅವರು ಮಣ್ಣು ಹಾಕಿದ್ದು ಅಬಿ ನನ್ನ ಹೆಗಲನ್ನು ಮೂಸಿದ ಕಾಲಕ್ಕೇ. ಅದಕ್ಕಿಂತ ಹೆಚ್ಚು ನಾನೇನೂ ಹೇಳಲಾರೆ, ವಿಜ್ಞಾನದ ಶಿಕ್ಷಕ.

ಸತ್ತವನೆಂದು ಕರ್ಮ ಮುಗಿಸಿದ ಮೇಲೆ ಬದುಕಿ ಬಂದವನು ಬಾಗಿಲಿನಿಂದ ಒಳಗೆ ಬರುವಂತಿಲ್ಲ. ಆ ಬಾಗಿಲಿನಿಂದ ಅವನು ಹೊರಗೆ ಹೋಗಿಯಾಗಿದೆ. ಅವನು ಹೊಸದಾಗಿ ಹುಟ್ಟಬೇಕು. ನಮ್ಮವು ಮಣ್ಣಿನ ಮಾಳಿಗೆಯ ಮನೆಗಳು. ಬೆಳಕಿಗೆಂದು ಮಾಳಿಗೆಯ ನಡುವೆ ಒಂದು ಬೆಳಕಿಂಡಿ ಇರುತ್ತದೆ. ಆಕಾಶದ ಕಡೆಗಿರುವ ಆ ತೂತಿನಿಂದ ನನ್ನನ್ನು ಒಳಗೆ ಇಳಿಸಬೇಕೆಂದು ಹಿರಿಯರು ಹೇಳಿದರು. ಅಬಿಯ ಊರಿನಲ್ಲಿ ಸತ್ತು ಬಂದವಳಿಗೆ ಒಲೆಯ ಪಕ್ಕದ ಜಾಗ. ನನ್ನ ಊರಿನಲ್ಲಿ ಸಾಯದೆ ಬಂದವನಿಗೆ ಮಾಳಿಗೆಯ ತೂತು. ನಾನು ನಿರಾಕರಿಸಿ ಗುಡಿಯಲ್ಲೇ ಉಳಿದೆ. ಅಂಗಡಿಯವನು ಬಿಸ್ಕತ್ತಿನ ಪೊಟ್ಟಣವನ್ನು ನೆಲದ ಮೇಲಿಟ್ಟು ಸರಿದು ನಿಲ್ಲುತ್ತಿದ್ದ. ನನ್ನ ಜೊತೆಗೆ ಓದಿದ ಗೆಳೆಯನೊಬ್ಬ ಬೀದಿಯ ಆಚೆಯಿಂದಲೇ, "ಖರೇನ ನೀನ ಅದೀಯೇನು?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೋದ. ಹಟ ಹಿಡಿಯುವುದರಲ್ಲಿ ನಾನು ಯಾರಿಗೂ ಕಡಿಮೆಯಲ್ಲ. ಆದರೆ ಪ್ರತಿದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಗುಡಿಯ ಕಟ್ಟೆಯಿಂದ ನಮ್ಮ ಮನೆ ಕಾಣುತ್ತಿತ್ತು. ಅವ್ವ ಹೊಸ್ತಿಲ ಹೊರಗೆ ತಟ್ಟೆಯಲ್ಲಿ ರೊಟ್ಟಿ ಇಟ್ಟು, ನನ್ನ ಹೆಸರು ಹಿಡಿದು ಕರೆದು, ಒಳಗೆ ಹೋಗುತ್ತಿದ್ದಳು. ನಾನು ಕಣ್ಣೆದುರಿಗೇ ಕುಳಿತಿದ್ದೆ. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಅದನ್ನು ಬಹಳ ಸಂಜೆ ನೋಡಲಾಗಲಿಲ್ಲ. ಒಪ್ಪಿದೆ.

"ಹುಟ್ಟೂ ಕೂಸು ತಲೀ ಮುಂದ ಮಾಡಿ ಬರ್ತೈತಿ" ಎಂದು ದೊಡ್ಡಪ್ಪ ನನ್ನನ್ನು ತಲೆಕೆಳಗಾಗಿ ಇಳಿಸುವ ಸಿದ್ಧತೆ ಮಾಡಿದ. ಅಷ್ಟಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಕಂಕುಳಿಗೆ ಹಗ್ಗ ಕಟ್ಟಿ, ಕಾಲು ಮುಂದಾಗಿ ಇಳಿಬಿಟ್ಟರು. ಬೆಳಕಿಂಡಿ ಜೋಳದ ಚೀಲದ ಅಳತೆಗೆ ಮಾಡಿದ್ದು. ಸೊಂಟದ ಬಳಿ ಸಿಕ್ಕಿಕೊಂಡೆ. ಮೇಲೆ ಅರ್ಧ ಬಿಸಿಲಿನಲ್ಲಿ, ಕೆಳಗೆ ಅರ್ಧ ಕತ್ತಲೆಯಲ್ಲಿ ನಾನು ನೇತಾಡುತ್ತಿರುವಾಗ ಮಾಳಿಗೆಯ ಮೇಲಿನವರು, "ಒತ್ರಿ, ಒತ್ರಿ" ಎಂದರೆ ಒಳಗಿನ ಹೆಂಗಸರು, "ಬಂತು, ಬಂತು" ಎನ್ನುತ್ತಿದ್ದರು. ಆ ಗಳಿಗೆಯಲ್ಲಿ ನನ್ನ ಕಾಲುಗಳನ್ನು ಯಾರೋ ಒಳಗಿನಿಂದ ಹಿಡಿದುಕೊಂಡರು. ತಣ್ಣನೆಯ ಕೈ. ಅವ್ವನದಿರಬೇಕೆಂದುಕೊಂಡೆ. ಇಳಿದು ನೋಡಿದರೆ ಅವ್ವ ದೂರದ ಗೋಡೆಗೆ ಒರಗಿ ನಿಂತಿದ್ದಳು. ಉಳಿದವರೆಲ್ಲ ಅವಳ ಅಕ್ಕಪಕ್ಕದಲ್ಲಿದ್ದರು.

ತೊಟ್ಟಿಲು ಕಟ್ಟಿ, ಅದರಲ್ಲಿ ರುಬ್ಬುವ ಗುಂಡುಕಲ್ಲನ್ನು ಮಲಗಿಸಿ, ಪಕ್ಕದಲ್ಲಿ ನನ್ನನ್ನು ಕೂಡಿಸಿ, ಕಿವಿಯಲ್ಲಿ ಹೊಸ ಹೆಸರು ಕೂಗಿದರು. ಸತ್ತು ಸತ್ತು ಹುಟ್ಟುವ ಮಕ್ಕಳಿಗೆ ದೃಷ್ಟಿ ತಾಗದಿರಲೆಂದು ಇಡುವ ಹೆಸರು: ತಿಪ್ಪಣ್ಣ. ಬಿ.ಎಸ್ಸಿ., ಬಿ.ಎಡ್. ಆದ ತಿಪ್ಪಣ್ಣ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಬೆನ್ನಿನ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನಾನು ಮುಂದೆ ಯಲಬುರ್ಗಾದ ಶಾಲೆಯಲ್ಲಿ ಪಾಠ ಮಾಡುತ್ತಿರುವಾಗಲೂ ರೈತರು ಬಾಗಿಲಲ್ಲಿ ನಿಂತು, "ತಿಪ್ಪಣ್ಣ ಮಾಸ್ತರ, ಒಂದೀಟು ಒದೀರಿ, ಬಸ್ಸಿಗಿ ಹೋಗಬೇಕು" ಎನ್ನುತ್ತಿದ್ದರು. ಒದ್ದಿದ್ದೇನೆ. ಕೆಲವರನ್ನು ಅಗತ್ಯಕ್ಕಿಂತ ಜೋರಾಗಿಯೇ ಒದ್ದಿದ್ದೇನೆ. ದೊಡ್ಡಪ್ಪನಿಗೂ ಒಮ್ಮೆ ಬೆನ್ನು ಉಳುಕಿತ್ತು.

ರಜೆ ಮುಗಿದು ಭೂತಾನಕ್ಕೆ ಹಿಂದಿರುಗಿದೆ. ಅಬಿ ಏಣಿಯ ತಲೆಯಲ್ಲಿ ನಿಂತು ನನ್ನನ್ನು ನೋಡಿ, ನನ್ನ ಹಿಂದೆಯೂ ನೋಡಿ, "ಅರ್ಧವೇ ಬಂದೆಯಲ್ಲ ಮಾಸ್ಟರ್. ಉಳಿದದ್ದನ್ನು ಯಾರ ಹತ್ತಿರ ಬಿಟ್ಟೆ?" ಎಂದಳು. ಅಂದಿನಿಂದ ಮಂಜಿನ ತರಗತಿಯಲ್ಲಿ ಹಾಜರಿ ಕರೆಯುವುದು ನನ್ನಿಂದಾಗಲಿಲ್ಲ. ಮೊದಲ ಬಿಸಿಲು ಬೀಳುವವರೆಗೆ ಪುಸ್ತಕ ತೆರೆಯದೆ ಕೂಡುತ್ತಿದ್ದೆ. ಆ ವರ್ಷ ಮುಗಿದೊಡನೆ ರಾಜೀನಾಮೆ ಕೊಟ್ಟು, ಉಳಿದರ್ಧ ಇದ್ದ ಕಡೆಗೆ ಬಂದೆ.

ಅವ್ವ ನನಗೇನೂ ಕಡಿಮೆ ಮಾಡಲಿಲ್ಲ. ನೀರು ಕಾಯಿಸಿ ಕೊಟ್ಟಳು, ಹೆಣ್ಣು ನೋಡಿ ಮದುವೆ ಮಾಡಿದಳು, ತಿಪ್ಪಣ್ಣ ಎಂದು ಪ್ರೀತಿಯಿಂದಲೇ ಕರೆದಳು. ಆದರೆ ಸಂಜೆಯ ಮೊದಲ ರೊಟ್ಟಿ ನನ್ನದಾಗಿರಲಿಲ್ಲ. ಅದು ಹೊಸ್ತಿಲಾಚೆಗೆ ಹೋಗುತ್ತಿತ್ತು. ಒಳಗೆ ಬಿಸಿ ರೊಟ್ಟಿಯ ಮುಂದೆ ನಾನು ಕುಳಿತಿರುವಾಗಲೇ, ಅವಳು ಬಾಗಿಲಲ್ಲಿ ನಿಂತು, ಅವಳೇ ಆರಿಸಿ ಇಟ್ಟಿದ್ದ ನನ್ನ ಮೊದಲ ಹೆಸರನ್ನು ಹಿಡಿದು, ನನ್ನೊಡನೆ ಎಂದೂ ಬಳಸದ ಮೃದುವಾದ ದನಿಯಲ್ಲಿ, "ಬಂದ್ಯೇನಪ್ಪಾ? ಉಣ್ಣು. ತಂಪೈತಿ, ಒಳಗ ಬ್ಯಾಡಾದ್ರ ಅಲ್ಲೇ ಕುಂಡ್ರು" ಎನ್ನುತ್ತಿದ್ದಳು.

ಒಮ್ಮೆ ಕೇಳಿಯೇಬಿಟ್ಟೆ. "ಅವ್ವ, ನಾನ ಇಲ್ಲೇ ಅದೀನಿ. ನನ್ನ ಹೆಸರ್ಲೇ ನನ್ನ ಒಮ್ಮೆ ಕರಿ."

"ಅದು ಅವನ ಹೆಸರು" ಎಂದಳು. "ನೀ ನನ್ನ ತಿಪ್ಪಣ್ಣ ಅಲ್ಲನು? ಇದ್ದ ಮಗ. ಅಂವ ಒಬ್ಬನ ಅದಾನ ಅಲ್ಲಿ."

ಟ್ರಂಕನ್ನು ಅಗೆದು ತೆಗೆಯುತ್ತೇನೆಂದೆ. ಅದೊಂದು ಸಲ ಅವಳು ನನ್ನ ಕಾಲು ಹಿಡಿಯಲು ಬಂದಳು. ಬಿಟ್ಟೆ. ಬೇಸಿಗೆಯಲ್ಲಿ ಎರೆ ನೆಲ ಬಾಯಿ ಬಿಡುತ್ತದೆ. ಒಂದು ಮಧ್ಯಾಹ್ನ ಬೇವಿನ ಗಿಡದ ಕೆಳಗಿನ ಬಿರುಕಿಗೆ ಕಣ್ಣಿಟ್ಟು ನೋಡಿದೆ. ಒಳಗೆ, ಬಿಸಿಲಿನ ಒಂದು ಎಳೆ ತಾಗಿದ ಕಡೆ, ನನ್ನ ಹೆಸರಿನ ಬಿಳಿಯ ಅಕ್ಷರಗಳು ಮೇಲ್ಮುಖವಾಗಿ ನನ್ನನ್ನೇ ನೋಡುತ್ತಿದ್ದವು. ಆ ಬಿರುಕಿನಿಂದ ತಣ್ಣನೆಯ ವಾಸನೆ ಬಂತು. ಆ ಮೇಲೆ ಬೇಸಿಗೆಯಲ್ಲಿ ಆ ಕಡೆ ಹೋಗಲಿಲ್ಲ. ಯಮನಪ್ಪನಿಗೂ ಅದಕ್ಕೇ ಹೇಳುತ್ತಿದ್ದೆ.

ನನ್ನ ಇನ್ನೊಂದು ದೂರು ಬಾಗಿಲಿನದು. ನಮ್ಮ ತಲೆಬಾಗಿಲಿಗೆ ಮುತ್ತಜ್ಜನ ಕಾಲದ, ಗೇಣುದ್ದದ ಕೀಲಿಕೈಯ ಬೀಗವಿತ್ತು. ನಾನು ಭೂತಾನದಲ್ಲಿರುವಾಗ ಅವ್ವ ಆ ಕೀಲಿಕೈ ಕಳೆದಿದ್ದಳು. ದೊಡ್ಡಪ್ಪ ಅದಕ್ಕಾಗಿ ಅವಳನ್ನು ಬೈಯದ ಹಬ್ಬವಿಲ್ಲ: "ಇಷ್ಟುದ್ದ ಕಬ್ಬಣ, ಹ್ಯಾಂಗ ಕಳಕೊಂಡ್ಯವ್ವ? ಉಪ್ಪಿನಕಾಯಿಗಿ ಹಾಕಿದ್ಯೇನು?" ಅವಳು ಬಾಯಿಬಿಡುತ್ತಿರಲಿಲ್ಲ. ಹೊಸ ಬೀಗ ಹಾಕಿಸಲೂ ಬಿಡಲಿಲ್ಲ, ಒಳಗಿನ ಚಿಲಕ ಹಾಕಲೂ ಬಿಡಲಿಲ್ಲ. ಅವಳಿರುವವರೆಗೆ ನಮ್ಮದು ಮುಚ್ಚಿಯೂ ಮುಚ್ಚದ ಮನೆ. ಅವಳನ್ನು ಮಣ್ಣು ಮಾಡಿ ಬಂದ ಸಂಜೆಯೇ ನಾನು ಗಟ್ಟಿಯಾದ ಚಿಲಕ ಹಾಕಿಸಿದೆ. ಹೊಸ್ತಿಲಾಚೆಯ ರೊಟ್ಟಿಯನ್ನು ನಿಲ್ಲಿಸಿದೆ. ಅಂದಿನಿಂದ ಇಂದಿನವರೆಗೆ ಪ್ರತಿ ಸಂಜೆ ಆ ಚಿಲಕವನ್ನು ನಾನೇ ಹಾಕಿ, ಎಳೆದು ನೋಡುತ್ತೇನೆ. ಕೊನೆಯ ಗಳಿಗೆಯವರೆಗೂ ಅವಳು ನನ್ನನ್ನು ನನ್ನ ಹೆಸರಿನಿಂದ ಕರೆಯಲಿಲ್ಲ. ಇಷ್ಟೆಲ್ಲ ಅವಮಾನಗಳ ನಡುವೆ ಎದೆಯಲ್ಲಿ ನೆಟ್ಟು ಉಳಿದದ್ದು ಅದೊಂದೇ. ಆ ಹೆಸರನ್ನು ನಾನು ನಿಮಗೂ ಹೇಳಿಲ್ಲ, ನೋಡಿ.

ಮಾತಿನಲ್ಲಿ ಹೊತ್ತು ಇಳಿದಿದೆ. ಬಕೆಟ್ಟಿನ ನೀರು ಕಪ್ಪಾಗಿದೆ. ಕೈಹಾಕಿದೆ. ಹೆಂಟೆ ಬೆಣ್ಣೆಯಂತೆ ಕರಗಿದೆ; ತಳದಲ್ಲಿ ಏನೋ ಉದ್ದನೆಯದು ಕೈಗೆ ತಾಗಿತು. ಬೆರಳಿನಿಂದ ಕೆಸರನ್ನು ಸವರಿದೆ. ಕಂಬಳಿಯ ಎಳೆಗಳು ಸುತ್ತಿಕೊಂಡಿವೆ. ಎಳೆಗಳ ಒಳಗೆ ತುಕ್ಕು ತಿಂದು ಸಣ್ಣಗಾದ, ಆದರೂ ಗುರುತು ತಪ್ಪದ, ಗೇಣುದ್ದದ ಕೀಲಿಕೈ.

ಕಳೆದಿರಲಿಲ್ಲ. ಹೆಸರನ್ನು ಹೂಳುವಾಗ ಅವ್ವ ಅದನ್ನು ಯಾರ ಕಣ್ಣಿಗೂ ಬೀಳದಂತೆ, ಕಂಬಳಿಯ ತುಂಡಿನಲ್ಲಿ ಸುತ್ತಿ, ಟ್ರಂಕಿನ ಮೇಲೆ ಇಟ್ಟುಬಿಟ್ಟಿದ್ದಳು. ಸತ್ತವರು ಮನೆಗೆ ಬಾರದಿರಲೆಂದು ಮುಳ್ಳು ಹಾಕುವ, ದಾರಿ ಬದಲಿಸುವ ಊರಿನಲ್ಲಿ ಒಬ್ಬಳು ಸತ್ತ ಮಗನ ಕೈಗೆ ಮನೆಯ ಕೀಲಿಕೈ ಕೊಟ್ಟು ಕಳಿಸಿದ್ದಳು. ಬದುಕಿರುವ ನನ್ನನ್ನು ಮಾಳಿಗೆಯ ತೂತಿನಿಂದ ಇಳಿಸಿದರು. ನನ್ನ ಹೆಸರಿಗೆ ತಲೆಬಾಗಿಲು ಆಗಲೇ ತೆರೆದಿತ್ತು. ಅವಳ ಮೇಲಿನ ದೂರನ್ನು ಇಷ್ಟು ವರ್ಷ ಒಂದು ಅಕ್ಷರವೂ ಅಳಿಯದಂತೆ ಕಾಪಾಡಿಕೊಂಡು ಬಂದವನು ನಾನು. ಈಗ ಹುಡುಕಿದರೆ ಅದು ಇದ್ದ ಜಾಗದಲ್ಲಿ ಸಿಗುತ್ತಿಲ್ಲ.

ಸಿಗುತ್ತಿರುವುದು ಬೇರೆ. ಅವಳು ಹೋದ ಸಂಜೆಯಿಂದ ಅವನು ಹೊರಗಿದ್ದಾನೆ. ಕೈಯಲ್ಲಿ ಕೀಲಿಕೈ ಇದ್ದೂ, ಒಳಗಿನ ಚಿಲಕಕ್ಕೆ ಅದು ಸಲ್ಲದೆ, ರೊಟ್ಟಿಯೂ ಇಲ್ಲದೆ. ಅವನು ನಾನೇ ಆಗಿರುವುದರಿಂದ, ಇದರಲ್ಲಿ ಒಂದು ಸಂಜೆಯನ್ನೂ ಮರೆತಿರಲಾರ.

ಅಡುಗೆಮನೆಯಲ್ಲಿ ನನ್ನ ಹೆಂಡತಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ಮೊದಲ ರೊಟ್ಟಿಯನ್ನು ತಟ್ಟೆಗೆ ಹಾಕಿಸಿಕೊಂಡು ಹೊರಟೆ. "ಅದನ್ನ ತಗೊಂಡ ಎಲ್ಲಿ ಹೊಂಟ್ರಿ? ಪಲ್ಯೆ ಬ್ಯಾಡೇನ್ರಿ?" ಎಂದಳು. ಹೊಸ್ತಿಲಾಚೆ ತಟ್ಟೆಯನ್ನಿಟ್ಟು, ಪಕ್ಕದಲ್ಲಿ ಕೀಲಿಕೈ ಇಟ್ಟೆ. ನಿಮಗೂ ಹೇಳದ ಆ ಹೆಸರನ್ನು ಕರೆದೆ. ಅವ್ವನ ದನಿ ನನಗೆ ಬರಲಿಲ್ಲ, ಹಾಜರಿ ಕರೆಯುವ ಮಾಸ್ತರನ ದನಿಯೇ ಬಂತು.

ಒಳಗೆ ಬಂದು ಕುಳಿತಿದ್ದೇನೆ. "ಚಿಲಕಾ ಹಾಕಿದ್ರೇನು?" ಎಂದು ಹೆಂಡತಿ ಒಳಗಿನಿಂದ ಕೇಳಿದಳು.

"ಇರ್ಲಿ ಬಿಡು" ಎಂದೆ. "ಬರ್ತಾನ."